ಒರಗಿದ ದಾಳ

ಜನವರಿ 11

ಪ್ರೀತಿಯ ಚಿಕ್ಕಪ್ಪ,

ಅಪ್ಪನಿಗೆ ಲಕ್ವ ಹೊಡೆದಿದೆ. ಗಾಬರಿಯಾಗಬೇಡಿ, ಜೀವಕ್ಕೇನೂ ಅಪಾಯವಿಲ್ಲ. ಹೋದ ತಿಂಗಳ ಕೊನೆಯಲ್ಲಿ ಅಂಗಡಿಯಲ್ಲಿ ಯಾರದೋ ತಕ್ಕಡಿ ಬಿಚ್ಚಿಕೊಂಡು ರಿಪೇರಿ ಮಾಡುತ್ತ ಕೂತಿದ್ದವರು ಹಾಗೇ ಬಲಕ್ಕೆ ವಾಲಿದರು. ಕಾಲು ಈಗ ಪರವಾಗಿಲ್ಲ, ಕೋಲು ಹಿಡಿದು ಬಚ್ಚಲ ತನಕ ಹೋಗುತ್ತಾರೆ. ಬಲಗೈ ಇನ್ನೂ ಸೋತಿದೆ. ಪೂರ್ತಿ ಹೋಗಿರುವುದು ಮಾತು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ, ನಗುತ್ತಾರೆ, ಸಿಟ್ಟಾಗುತ್ತಾರೆ. ಬಾಯಿ ತೆರೆದರೆ ಮಾತ್ರ ಒಂದಕ್ಷರ ಹೊರಡುವುದಿಲ್ಲ.

ಮಾತಿನ ಚಿಕಿತ್ಸೆ ಕೊಡುವ ಡಾಕ್ಟರಮ್ಮ ಮನೆಗೇ ಬರುತ್ತಾರೆ. "ಮಾತು ಒಳಗೇ ಇದೆ, ದಾರಿ ಹುಡುಕ್ತಿದೆ. ಮೊದಲ ಕೆಲವು ತಿಂಗಳಲ್ಲಿ ಬಂದ್ರೆ ಬಂತು, ತಡವಾದಷ್ಟೂ ಕಷ್ಟ. ಹೇಳಲೇಬೇಕು ಅಂತ ಅವರಿಗೇ ಅನ್ನಿಸ್ಬೇಕು" ಅಂದರು. ಆಮೇಲೆ ಸೇಬಿನ ಚಿತ್ರ ತೋರಿಸಿ "ಇದೇನು?" ಅಂತ ಕೇಳಿದರು. ನಿನಗೆ ಗೊತ್ತಿಲ್ಲವೇ ಎನ್ನುವ ಹಾಗೆ ಅಪ್ಪ ಅವರನ್ನೇ ನೋಡಿದರು.

ಆಗ ನನಗೆ ಹೊಳೆದದ್ದು ನಿಮ್ಮ ಕಥೆಯಾಟ. ಊಟದ ಮೇಜಿನ ಸುತ್ತ ಕೂತು ಆಡುತ್ತಿದ್ದೆವಲ್ಲ: ನೀವು ಕಥೆ ಹೇಳುವುದು, ನಾವು ಕಥೆಯೊಳಗಿನ ಒಬ್ಬೊಬ್ಬರಾಗುವುದು, ಅಪಾಯ ಎದುರಾದಾಗ "ಏನು ಮಾಡ್ತೀರಿ?" ಅಂತ ನೀವು ಕೇಳುವುದು, ಮಾಡಿದ್ದು ಫಲಿಸಿತೋ ಇಲ್ಲವೋ ಎನ್ನುವುದನ್ನು ಆ ಇಪ್ಪತ್ತು ಮುಖದ ದಾಳ ಹೇಳುವುದು, ದೊಡ್ಡ ಸಂಖ್ಯೆ ಬಿದ್ದರೆ ಗೆಲುವು, ಸಣ್ಣದು ಬಿದ್ದರೆ ಸೋಲು. ಅಲ್ಲಿ ಬಾಯಿಬಿಟ್ಟು ಹೇಳದೆ ಯಾವುದೂ ನಡೆಯುವುದಿಲ್ಲ. ಅಪ್ಪ ಯಾವತ್ತೂ ಲಾಟೀನು ಹಿಡಿಯುವವನ ಪಾತ್ರ ಬಿಟ್ಟುಕೊಟ್ಟವರಲ್ಲ. ಎರಡು ಸಂಜೆಯಿಂದ ಮತ್ತೆ ಆಡಿಸಲು ನೋಡುತ್ತಿದ್ದೇನೆ. ಕಥೆಯನ್ನು ಚೆನ್ನಾಗಿ ಬಿಗಿ ಮಾಡಿದರೆ, ಕುತೂಹಲ ತಡೆಯಲಾರದೆ ಒಂದು ಮಾತಾದರೂ

ಇಲ್ಲಿಗೇ ನಿಲ್ಲಿಸಬೇಕಾಯಿತು. ಅಮ್ಮ ನನ್ನ ಬೆನ್ನ ಹಿಂದೆ ನಿಂತು ಓದಿಬಿಟ್ಟಳು. "ಇದನ್ನ ಓದಿದ್ರೆ ಹಡಗು ಬಿಟ್ಟು ಓಡಿ ಬರ್ತಾನೆ. ಒಪ್ಪಂದ ಮುರಿದೋನಿಗೆ ಆಮೇಲೆ ಯಾರು ಕೆಲ್ಸ ಕೊಡ್ತಾರೆ? ಮಾತು ಬಂದ ಮೇಲೆ ಇವರೇ ಹೇಳ್ಲಿ" ಅಂದಳು. ಬರದಿದ್ದರೆ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಇದು ನನ್ನ ಮೇಜಿನ ಖಾನೆಗೆ. ನಿಮಗೆ ನಾಳೆ ಬೇರೆ ಬರೆಯುತ್ತೇನೆ.


ಜನವರಿ 12

ಪ್ರೀತಿಯ ಚಿಕ್ಕಪ್ಪ,

ನಾವೆಲ್ಲ ಕ್ಷೇಮ. ನೀವು ಹೇಗಿದ್ದೀರಿ? ಅಪ್ಪ ಕೆಲಸದಲ್ಲಿ ಮುಳುಗಿಹೋಗಿದ್ದಾರೆ, ಊರಿನ ತಕ್ಕಡಿಗಳೆಲ್ಲ ಒಟ್ಟಿಗೇ ಕೆಟ್ಟಿವೆ.

ಒಂದು ಸಹಾಯ ಬೇಕು. ನೀವು ಬಿಟ್ಟುಹೋದ ಕಥೆಯಾಟವನ್ನು ನಾನು ಮತ್ತೆ ಶುರು ಮಾಡಿದ್ದೇನೆ. ಅಮ್ಮನದು ಎಂದಿನಂತೆ ಕಳ್ಳಿಯ ಪಾತ್ರ. ಅಕ್ಕನ ಗಂಡ, ನಿಮಗೆ ಗೊತ್ತಲ್ಲ, ಇಡೀ ದಿನ ಔಷಧಿ ಅಂಗಡಿಯಲ್ಲಿ ಮಾತ್ರೆ ಮಾರುವ ಭಾವ, ಸಂಜೆಯಾದರೆ ಮಹಾ ಕತ್ತಿವೀರ. ಲಾಟೀನು ಹಿಡಿಯಲು ಇನ್ನೊಬ್ಬರು ಬಂದಿದ್ದಾರೆ. ಮೂವರೂ ಒಂದು ಪಾಳುಬಿದ್ದ ಉಪ್ಪಿನ ಗಣಿಗೆ ಇಳಿದಿದ್ದಾರೆ. ಆದರೆ ನಾನು ಕಥೆ ಹೇಳಿದರೆ ಭಾವ ಆಕಳಿಸುತ್ತಾರೆ. ನೀವು ಹೇಳುವಾಗ ನಾವು ನೀರು ಕುಡಿಯಲೂ ಏಳುತ್ತಿರಲಿಲ್ಲ. ಅದು ಹೇಗೆ? ಮುಂದೇನು ಮುಂದೇನು ಎಂದು ಜೀವ ಹಿಂಡುವ ಹಾಗೆ ಮಾಡುವುದನ್ನು ನನಗೂ ಹೇಳಿಕೊಡಿ.

ಅದಕ್ಕಿಂತ ಮುಖ್ಯವಾಗಿ, ಆ ಲಾಟೀನಿನವರು ಬಾಯೇ ಬಿಡುವುದಿಲ್ಲ. ಅವರನ್ನು ಮಾತಾಡಿಸಬೇಕು. ಬೇಗ ಬರೆಯಿರಿ.

ನಿಮ್ಮ
ಪಟಾಕಿ


ಫೆಬ್ರವರಿ 3

ಪಟಾಕಿ,

ನಿನ್ನ ಪತ್ರ ಬಂದಾಗ ನಾನು ಎಂಜಿನ್ ಕೋಣೆಯಲ್ಲಿ ಮೊಣಕೈ ತನಕ ಎಣ್ಣೆಯಾಗಿ ನಿಂತಿದ್ದೆ. ಕಾಗದದ ಮೇಲಿನ ಹೆಬ್ಬೆಟ್ಟಿನ ಗುರುತಿಗೆ ಬೈಯಬೇಡ.

ಕಥೆ ಹೇಳುವುದು ಸುಲಭ, ಹೇಳದೇ ಇರುವುದು ಕಷ್ಟ. ನೀನು ಬಾಗಿಲು ತೆರೆದ ಕೂಡಲೇ ಒಳಗಿರುವುದನ್ನೆಲ್ಲ ಮನೆ ಬಾಡಿಗೆಗೆ ಕೊಡುವವಳ ಹಾಗೆ ತೋರಿಸಿಬಿಡುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಮೃಗವನ್ನು ತೋರಿಸಬೇಡ, ಅದು ಅಗಿದು ಬಿಟ್ಟ ಒಂಟಿ ಚಪ್ಪಲಿ ತೋರಿಸು. ನಡುನಡುವೆ ಸುಮ್ಮಸುಮ್ಮನೆ ನಿನ್ನ ಮುಂದಿನ ಅಡ್ಡಹಲಗೆಯ ಮರೆಯಲ್ಲಿ ದಾಳ ಹಾಕು, ನೋಡು, "ಹೂಂ" ಅನ್ನು, ಕಾರಣ ಹೇಳಬೇಡ. ಯಾವುದಾದರೂ ಮುಗಿಯುತ್ತಾ ಬರಲಿ. ಮೇಜಿನ ಮೇಲೆ ನಿಜವಾದ ಬೆಂಕಿಪೊಟ್ಟಣ ಇಡು, ಕತ್ತಲೆ ಬಂದಾಗಲೆಲ್ಲ ಒಂದು ಕಡ್ಡಿ ತೆಗೆದು ಪಕ್ಕಕ್ಕಿಡು. ಖಾಲಿಯಾಗುವುದನ್ನು ಕಣ್ಣಾರೆ ನೋಡುವವನಿಗೆ ಆಕಳಿಕೆ ಬರುವುದಿಲ್ಲ.

ಇನ್ನು ಆ ಮಾತಾಡದ ಮಹಾಶಯ. ಅಂಥವರನ್ನು ಬೇಕಾದಷ್ಟು ಕಂಡಿದ್ದೇನೆ. ಬರೀ ಕೊಬ್ಬು. ಇನ್ನೊಂದೆರಡು ವಾರ ನೋಡು, ಬಾಯಿ ಬಿಡದಿದ್ದರೆ ಲಾಟೀನು ಕಿತ್ತುಕೊಂಡು ಬಾಗಿಲು ತೋರಿಸು. ಅದು ನನ್ನ ಅಣ್ಣನ ಲಾಟೀನು, ಕಂಡಕಂಡವರ ಕೈಗೆ ಕೊಡುವಂಥದ್ದಲ್ಲ.

ನಿಯಮಗಳು ನೆನಪಿವೆ ತಾನೇ? ಮುಖ್ಯವಾಗಿ ನಿನ್ನಪ್ಪನ ನಿಯಮ: ದಾಳ ಯಾವುದಕ್ಕಾದರೂ ಒರಗಿ ನಿಂತರೆ ಲೆಕ್ಕಕ್ಕಿಲ್ಲ, ಮತ್ತೆ ಹಾಕಬೇಕು. ಅದು ಹುಟ್ಟಿದ ಕಥೆ ಹೇಳಿದ್ದೇನೋ ಇಲ್ಲವೋ. ನಾವು ಹುಡುಗರಾಗಿದ್ದಾಗ ಅಣ್ಣನ ಲಾಟೀನಿನವನು ಒಮ್ಮೆ ಸೇತುವೆಯಿಂದ ಬಿದ್ದು ಸತ್ತ. ದಾಳ ನೀರಿನ ಲೋಟಕ್ಕೆ ಒರಗಿತ್ತು ಎಂದು ಅಣ್ಣ ಹಟ ಹಿಡಿದ. ಚಪ್ಪಟೆಯಾಗಿ ಬಿದ್ದಿದೆ ಎಂದು ನಾನೂ ಬಿಡಲಿಲ್ಲ. ಅವನು ಅಡುಗೆಮನೆಯಿಂದ ರಸಮಟ್ಟ ತಂದ, ಗೋಡೆ ಕಟ್ಟುವವರು ಮಟ್ಟ ನೋಡುತ್ತಾರಲ್ಲ, ಅದೇ. ಅದು ಅಡುಗೆಮನೆಯಲ್ಲಿ ಯಾಕಿತ್ತು ಎಂದು ಕೇಳಬೇಡ, ನಿನ್ನಪ್ಪ ಒಲೆಯನ್ನೂ ಮಟ್ಟ ನೋಡಿಯೇ ಇಡುತ್ತಿದ್ದ. ಅಷ್ಟರಲ್ಲಿ ನಾನು ಲೋಟ ಎತ್ತಿ ನೀರು ಕುಡಿದಿದ್ದೆ. ಒಂದು ವಾರ ನನ್ನ ಜೊತೆ ಮಾತು ಬಿಟ್ಟ. ಇವತ್ತಿಗೂ ಹೇಳುತ್ತೇನೆ, ಅದು ಒರಗಿರಲಿಲ್ಲ.

ಅಂದ ಹಾಗೆ, ಮೊನ್ನೆ ಬಂದರಿನಿಂದ ಫೋನ್ ಮಾಡಿದೆ. ಅಣ್ಣ ಸ್ನಾನಕ್ಕೆ ಹೋಗಿದ್ದಾನೆ ಅಂದರು ಅತ್ತಿಗೆ. ಸಂಜೆ ಮತ್ತೆ ಮಾಡಿದರೆ ಆಗಲೂ ಸ್ನಾನ. ಅಷ್ಟು ಕೊಳೆ ಎಲ್ಲಿಂದ ಹತ್ತಿಸಿಕೊಂಡ? ನಿನ್ನ ಪತ್ರದ ಕೊನೆಗೆ ಅವನೊಂದು ಸಾಲು ಗೀಚುವುದು ವಾಡಿಕೆ. ಈ ಸಲ ಅದೂ ಇಲ್ಲ. ನನ್ನ ಮೇಲೇನಾದರೂ ಸಿಟ್ಟೇ?

ಚಿಕ್ಕಪ್ಪ


ಫೆಬ್ರವರಿ 21

ಪ್ರೀತಿಯ ಚಿಕ್ಕಪ್ಪ,

ನಿಮ್ಮ ಪಾಠಗಳನ್ನೆಲ್ಲ ಪ್ರಯೋಗಿಸಿದೆ. ಕೇಳಿ ನನ್ನ ಪಾಡು.

ಒಂಟಿ ಚಪ್ಪಲಿ ತೋರಿಸಿದೆ. ಅಮ್ಮನ ಕಳ್ಳಿ "ಇನ್ನೊಂದು ಎಲ್ಲಿದೆ ನೋಡು, ಜೊತೆ ಆದ್ರೆ ಮಾರ್ಬಹುದು" ಅಂತ ಇಡೀ ಸಂಜೆ ಎರಡನೆಯ ಚಪ್ಪಲಿ ಹುಡುಕಿದಳು. ಮೃಗದ ಸುದ್ದಿ ಯಾರೂ ಎತ್ತಲಿಲ್ಲ. ಅಡ್ಡಹಲಗೆಯ ಹಿಂದೆ ದಾಳ ಹಾಕಿ "ಹೂಂ" ಅಂದೆ. ಎರಡನೆಯ ಹೂಂಗೆ ಭಾವ ತಲೆ ಎತ್ತಿದರು, ಮೂರನೆಯದಕ್ಕೆ "ಗಂಟಲು ಕೆಟ್ಟಿದ್ಯೇನೇ?" ಅಂದು ಜೇಬಿನಿಂದ ಕೆಮ್ಮಿನ ಮಾತ್ರೆ ತೆಗೆದು ಕೊಟ್ಟರು. ಅದನ್ನು ಚೀಪುತ್ತಲೇ ಗಣಿಯ ಭಯಂಕರ ಕತ್ತಲೆಯನ್ನು ವರ್ಣಿಸಿದೆ.

ಬೆಂಕಿಪೊಟ್ಟಣ ಮಾತ್ರ ಕೆಲಸ ಮಾಡಿತು. ಕಡ್ಡಿ ಒಂದೊಂದೇ ಪಕ್ಕಕ್ಕೆ ಹೋದಂತೆ ಭಾವನ ಆಕಳಿಕೆ ನಿಂತಿತು. ಲಾಟೀನಿನವರೂ ಪೊಟ್ಟಣದಿಂದ ಕಣ್ಣು ಕೀಳಲಿಲ್ಲ, ಒಮ್ಮೆ ತುಟಿಯೂ ಅಲುಗಿತು. ಅಷ್ಟರಲ್ಲಿ ಅಮ್ಮ "ಅವರು ದೀಪ ಎತ್ತಿ ಹಿಡೀತಾರೆ, ಮುಂದೆ ಹೇಳು" ಅಂದುಬಿಟ್ಟಳು. ಪ್ರತಿ ಸಲ ಹೀಗೇ. ಅವರ ಬಾಯಿ ತೆರೆಯುವ ಮೊದಲೇ ಅಮ್ಮನ ಉತ್ತರ ಸಿದ್ಧ. ಅವರು ಕಷ್ಟಪಡುವುದನ್ನು ಅವಳಿಗೆ ನೋಡಲಾಗುವುದಿಲ್ಲ.

ಬಾಗಿಲು ತೋರಿಸು ಎಂದು ಬರೆದಿದ್ದೀರಿ. ಅದು ಆಗದ ಮಾತು. ಅವರದು ಕೊಬ್ಬಲ್ಲ. ಇನ್ನೊಮ್ಮೆ ಹಾಗೆ ಬರೆಯಬೇಡಿ.

ಅಪ್ಪ ಆರಾಮಾಗಿದ್ದಾರೆ. ನೀವು ಕೇಳಿದಿರೆಂದು ಒಂದು ಸಾಲು ಬರೆಸಿದ್ದೇನೆ, ಕೆಳಗಿದೆ.

ಪಟಾಕಿ

ಪ್ರೀತಿಯ ತಮ್ಮಾ, ಕೆಲಸ ಜಾಸ್ತಿ ಇರುವುದರಿಂದ ಬರೆಯಲಾಗಲಿಲ್ಲ, ಕ್ಷಮಿಸು. ಆರೋಗ್ಯ ಚೆನ್ನಾಗಿ ನೋಡಿಕೋ. ಅಣ್ಣ


ಮಾರ್ಚ್ 9

ಪಟಾಕಿ,

ಪತ್ರ ತಲುಪಿತು. ಅಣ್ಣನ ಸಾಲನ್ನೂ ಓದಿದೆ. ಅಕ್ಷರ ದುಂಡಗಿದೆ.

ಆ ಲಾಟೀನಿನವರ ಬಗ್ಗೆ ಹೋದ ಸಲ ನಾನು ಬರೆದದ್ದನ್ನೆಲ್ಲ ಹೊಡೆದುಹಾಕು. ಅವರು ಯಾರು ಎಂದು ಕೇಳುವುದಿಲ್ಲ. ಚಪ್ಪಲಿ, ಹೂಂ, ಎಲ್ಲ ಬಿಡು, ಅವು ಹುಡುಗಾಟದ ಉಪಾಯಗಳು. ಹೆದರಿಸಲಂತೂ ಹೋಗಬೇಡ. ಹೆದರಿಕೆ ಅವರಿಗೆ ಈಗಾಗಲೇ ಸಾಕಷ್ಟಿರಬಹುದು.

ನನಗೆ ಗೊತ್ತಿರುವುದರಲ್ಲಿ ನಿಜವಾಗಿ ಕೆಲಸ ಮಾಡುವುದು ಒಂದೇ. ಅವರಿಗೆ ತುಂಬ ಬೇಕಾದ ಒಂದನ್ನು ಕಥೆಯಲ್ಲಿ ಅಂಚಿಗೆ ತಂದು ನಿಲ್ಲಿಸು. "ಏನು ಮಾಡ್ತೀರಿ?" ಎಂದು ಕೇಳು. ಕೇಳಿ ಸುಮ್ಮನಿರು. ಎಲ್ಲರೂ ಸುಮ್ಮನಿರಬೇಕು. ಆ ಮೌನ ತಡೆಯಲಾಗದೆ ಯಾರಾದರೂ ತುಂಬಿಸಲು ನೋಡುತ್ತಾರೆ, ಮೊದಲು ನೀನೇ ನೋಡುತ್ತೀಯ. ತುಂಬಿಸಬೇಡ. ಅದು ಅವರ ಜಾಗ. ಅತ್ತಿಗೆಗೆ ನಾನು ಹೇಳಿದೆನೆಂದು ಹೇಳು: ಯಾರೂ ಅವರ ಪರವಾಗಿ ಬಾಯಿ ಹಾಕಕೂಡದು, ಎಷ್ಟು ಹೊತ್ತಾದರೂ ಸರಿ.

ಮುಂದಿನ ಬಂದರಿಗೆ ಹೋದಾಗ ಅಂಚೆ ನೋಡುತ್ತೇನೆ. ಏನಾದರೂ ಬರೆದಿರು. ಏನೇ ಆದರೂ ಬರೆ.

ಚಿಕ್ಕಪ್ಪ


ಮಾರ್ಚ್ 30

ಚಿಕ್ಕಪ್ಪ,

ಮೊದಲು ಇದರ ಜೊತೆಗಿರುವ ಜನವರಿಯ ಪತ್ರ ಓದಿ. ಓದಿ ಬೈಯಿರಿ. ಬೈದು ಮುಗಿಸಿ ಇದನ್ನು ಓದಿ, ಯಾಕೆಂದರೆ ಇದರಲ್ಲಿ ಇರುವುದೆಲ್ಲ ಒಳ್ಳೆಯ ಸುದ್ದಿಯೇ.

ಅಪ್ಪ ಮಾತಾಡಿದರು.

ನಿನ್ನೆ ಸಂಜೆ ಆಟಕ್ಕೆ ಕೂರುವ ಮೊದಲೇ ಅಮ್ಮನಿಗೂ ಭಾವನಿಗೂ ಕಟ್ಟಪ್ಪಣೆ ಮಾಡಿದ್ದೆ: ನಾನು ಅಪ್ಪನನ್ನು ಕೇಳಿದ ಮೇಲೆ ಮನೆ ಬಿದ್ದರೂ ಯಾರೂ ತುಟಿ ಬಿಚ್ಚಕೂಡದು. ನಿಮ್ಮ ಹೆಸರು ಹೇಳಿದ್ದಕ್ಕೆ ಅಮ್ಮ ಒಪ್ಪಿದಳು.

ಗಣಿಯ ತಳದಲ್ಲಿ ಒಂದು ಆಳವಾದ ಬಾವಿ. ಅಮ್ಮನ ಕಳ್ಳಿ ಹಗ್ಗ ಕಟ್ಟಿಕೊಂಡು ಅರ್ಧಕ್ಕೆ ಇಳಿದಿದ್ದಳು. ಕತ್ತಿವೀರ ದೂರದಲ್ಲಿ ಬಂಡೆಯ ಆಚೆ ಸಿಕ್ಕಿಕೊಂಡಿದ್ದ. ಬಾವಿಯ ಬಾಯಲ್ಲಿ ಇದ್ದದ್ದು ಲಾಟೀನಿನವನೊಬ್ಬನೇ. ಬೆಂಕಿಪೊಟ್ಟಣದಲ್ಲಿ ಉಳಿದದ್ದು ಕೊನೆಯ ಕಡ್ಡಿ. ಹಗ್ಗದ ಎಳೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿವೆ ಎಂದೆ. ಕಳ್ಳಿ ಮೇಲೆ ನೋಡಿದಳು, ಅವಳಿಗೆ ಕಾಣುತ್ತಿರುವುದು ನಿಮ್ಮ ಬೆಳಕು ಮಾತ್ರ ಎಂದೆ. ಆಮೇಲೆ ಅಪ್ಪನ ಕಡೆ ತಿರುಗಿ "ಏನು ಮಾಡ್ತೀರಿ?" ಎಂದು ಕೇಳಿದೆ.

ಚಿಕ್ಕಪ್ಪ, ಮೌನ ಅಷ್ಟು ಭಾರ ಎಂದು ನೀವು ಬರೆದಿರಲಿಲ್ಲ. ಗಡಿಯಾರದ ಸದ್ದು ಕೇಳಿತು, ಪಕ್ಕದ ಮನೆಯ ನಲ್ಲಿಯ ಸದ್ದೂ ಕೇಳಿತು. ಅಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅಪ್ಪ ಬಾಯಿ ತೆರೆದರು, ಮುಚ್ಚಿದರು. ಮತ್ತೆ ತೆರೆದರು. ಏನೂ ಬರಲಿಲ್ಲ. ಕೊನೆಗೆ ಎಡಗೈ ಚಾಚಿ ಹಗ್ಗ ಎಳೆಯುವ ಹಾಗೆ ತೋರಿಸಿ, ದಾಳ ತೆಗೆದು ಎಸೆದರು. ಇಷ್ಟು ಮಾಡಿಯೂ ಕೈಸನ್ನೆಯಲ್ಲೇ ಮುಗಿಯಿತಲ್ಲ ಎಂದುಕೊಂಡೆ.

ದಾಳ ಉರುಳಿ ಹೋಗಿ ಬೆಂಕಿಪೊಟ್ಟಣದ ಹತ್ತಿರ ನಿಂತಿತು. ನಾನು ನೋಡುತ್ತಿದ್ದದ್ದು ಅಪ್ಪನ ಮುಖವನ್ನು, ದಾಳವನ್ನು ಬರೀ ಓರೆಗಣ್ಣಲ್ಲಿ. ಮೂರು ಕಂಡಿತು. "ಮೂರು" ಎಂದೆ. "ಹಗ್ಗ ಕೈಜಾರಿತು. ಕಳ್ಳಿ ಬಿದ್ದಳು."

ದಾಳ ಪೊಟ್ಟಣಕ್ಕೆ ಒರಗಿತ್ತಂತೆ. ಭಾವನಿಗೆ ಕಂಡಿತ್ತು. ಅಮ್ಮನಿಗೂ ಕಂಡಿತ್ತು. ಇಬ್ಬರೂ ನನ್ನ ಕಟ್ಟಪ್ಪಣೆಗೆ ಹೆದರಿ ಗಪ್‌ಚಿಪ್. ನಾನು ಅಡ್ಡಹಲಗೆ ಸರಿಸಿ ದಾಳ ಎತ್ತಿಕೊಳ್ಳಲು ಕೈ ನೀಡಿದೆ. ಅಪ್ಪ ನನ್ನ ಕೈ ಮೇಲೆ ಫಟ್ ಎಂದು ಹೊಡೆದರು. ಅವರ ಕುತ್ತಿಗೆ ಕೆಂಪಾಗಿತ್ತು.

"ಒ" ಅಂದರು. "ಒ... ಒರ... ಒರಗಿದೆ."

ನಾನು ಎಂಥ ಪೆದ್ದಿ ನೋಡಿ. "ಇಲ್ಲ ಅಪ್ಪಾ, ಸರಿಯಾಗೇ ಬಿದ್ದಿದೆ" ಎಂದು ವಾದಕ್ಕೆ ನಿಂತೆ.

"ಲೆಕ್ಕಕ್ಕಿಲ್ಲ" ಅಂದರು ಅಪ್ಪ, ಇನ್ನೂ ಜೋರಾಗಿ.

"ಸರಿಯಾಗಿ ನೋಡಪ್ಪಾ, ಮೂರೇ..."

"ಒರಗಿದೆ ಅಂತಿದ್ದಾರಲ್ಲೇ, ಕಿವಿ ಕೇಳ್ಸಲ್ವಾ ನಿಂಗೆ?" ಎಂದು ಅಮ್ಮ ಕೂಗಿದಳು. ಕೂಗಿದವಳು ತಾನು ಹೇಳಿದ್ದು ತನಗೇ ಕೇಳಿಸಿದ ಹಾಗೆ ಅಲ್ಲೇ ನಿಂತುಹೋದಳು. ಆಗ ನನಗೂ ಹೊಳೆಯಿತು. ನಾನು ಅಪ್ಪನ ಜೊತೆ ಜಗಳವಾಡುತ್ತಿದ್ದೆ. ಅಪ್ಪ ನನಗೆ ಎದುರುತ್ತರ ಕೊಡುತ್ತಿದ್ದರು.

ಭಾವ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದರು, ಬಹಳ ಹೊತ್ತು ಕುಡಿದರು. ಅಮ್ಮ ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. ಅಪ್ಪನಿಗೆ ಇದಾವುದರ ಮೇಲೂ ಗಮನವಿಲ್ಲ. ದಾಳವನ್ನು ನನ್ನ ಮುಂದೆ ತಳ್ಳಿದರು, "ಮತ್ತೆ" ಅಂದರು. ಅವರಿಗೇ ಕೊಟ್ಟೆ. ಹಾಕಿದರು. ಈ ಸಲ ಚಪ್ಪಟೆಯಾಗಿ ಬಿತ್ತು.

ಎರಡು.

ಅಪ್ಪ ಬಗ್ಗಿ ನೋಡಿದರು, ಸುತ್ತ ಯಾವುದಕ್ಕೂ ತಾಗಿಲ್ಲವೆಂದು ಖಾತ್ರಿ ಮಾಡಿಕೊಂಡರು. "ಬಿದ್ದಳು" ಅಂದರು, ಪೂರ್ತಿ ಸಮಾಧಾನದಿಂದ.

"ನನ್ನ ಸಾಯ್ಸೋಕೇ ಬಾಯಿ ಬಂತು ನೋಡು ಇವರಿಗೆ" ಎಂದಳು ಅಮ್ಮ. ಅಷ್ಟು ಸಂತೋಷದಿಂದ ಸತ್ತವರನ್ನು ನಾನು ನೋಡಿಲ್ಲ.

ಇವತ್ತು ಬೆಳಿಗ್ಗೆ ಡಾಕ್ಟರಮ್ಮ ಬಂದು ಅಪ್ಪನ ಮಾತು ಕೇಳಿದರು. ಎಲ್ಲ ಒಟ್ಟಿಗೆ ಬರುವುದಿಲ್ಲ, ಆದರೆ ದಾರಿ ತೆರೆದಿದೆ, ಇನ್ನು ಬರುತ್ತಾ ಹೋಗುತ್ತದೆ ಅಂದರು. ಸೇಬಿನ ಚಿತ್ರ ತೋರಿಸಿದರೆ ಅಪ್ಪ ಈಗಲೂ ಏನೂ ಹೇಳುವುದಿಲ್ಲ. ಚಿತ್ರವನ್ನು ಸೊಟ್ಟಗೆ ಹಿಡಿದರೆ ಮಾತ್ರ "ಒರಗಿದೆ" ಅನ್ನುತ್ತಾರೆ. ಡಾಕ್ಟರಮ್ಮ ಅದಕ್ಕೂ ಖುಷಿಪಟ್ಟರು. ನಿನ್ನೆ ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಮಾಡಿದೆ.

ಮುಚ್ಚಿಟ್ಟದ್ದಕ್ಕೆ ಅಮ್ಮನೂ ಕ್ಷಮೆ ಕೇಳಿದ್ದಾಳೆ. ಅಪ್ಪನ ಸಾಲು ನಾನೇ ಬರೆದದ್ದು, ಅದಕ್ಕೂ ಬೈದುಬಿಡಿ.

ಪಟಾಕಿ


ಏಪ್ರಿಲ್ 18

ಪಟಾಕಿ,

ನಿನ್ನ ಪತ್ರವನ್ನು ಬಂದರಿನ ಅಂಚೆ ಕಿಟಕಿಯ ಮುಂದೆಯೇ ನಿಂತು ಓದಿದೆ. ಹಿಂದಿನವರು ಸರಿಯಿರಿ ಅಂದರೂ ಸರಿಯಲಿಲ್ಲ. ಆಮೇಲೆ ಹಡಗಿಗೆ ಬಂದು ಅಡುಗೆಯವನಿಗೆ ಪೂರ್ತಿ ಕಥೆ ಹೇಳಿದೆ. ಅವನಿಗೆ ದಾಳವೂ ಗೊತ್ತಿಲ್ಲ, ಅಣ್ಣನೂ ಗೊತ್ತಿಲ್ಲ. ಆದರೂ ಒಲೆ ಆರಿಸಿ ಕೂತು ಕೇಳಿದ. ಅಣ್ಣ "ಲೆಕ್ಕಕ್ಕಿಲ್ಲ" ಅಂದ ಜಾಗಕ್ಕೆ ಬಂದಾಗ ಅಂಗಿಯ ತೋಳಲ್ಲೇ ಕಣ್ಣೊರೆಸಿಕೊಂಡೆ, ಅವನೇ ನನ್ನ ಬೆನ್ನು ತಟ್ಟಿದ.

ನಿನ್ನನ್ನು ಬೈಯಲು ನನಗೆ ಮುಖವಿಲ್ಲ, ಯಾಕೆಂದರೆ ನಾನೂ ಮುಚ್ಚಿಟ್ಟೆ. ನೀನು ಅಣ್ಣನ ಹೆಸರಲ್ಲಿ ಸಾಲು ಬರೆದು ಕಳಿಸಿದೆಯಲ್ಲ, ಆವತ್ತೇ ತಿಳಿಯಿತು. ಅಕ್ಷರ ಚೆನ್ನಾಗಿಯೇ ಅನುಕರಿಸಿದ್ದೆ. ಆದರೆ "ಪ್ರೀತಿಯ ತಮ್ಮಾ" ಅಂತೆ, "ಕ್ಷಮಿಸು" ಅಂತೆ. ನಲವತ್ತು ವರ್ಷದಿಂದ ಅವನು ನನಗೆ "ಕತ್ತೆ" ಎಂದಲ್ಲದೆ ಬೇರೆ ರೀತಿ ಸಾಲು ಶುರು ಮಾಡಿದವನಲ್ಲ. ಆ ಮರ್ಯಾದೆಯನ್ನು ಮೂರು ಸಲ ಓದಿದೆ. ಎರಡು ಸ್ನಾನ, ಮಾತಾಡದ ಲಾಟೀನಿನವರು, ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಚೀಲ ಕಟ್ಟಿದೆ, ಕ್ಯಾಪ್ಟನ್ನನ ಬಾಗಿಲ ತನಕ ಹೋದೆ. ಅಲ್ಲಿ ನಿಂತು ಯೋಚಿಸಿದೆ: ನಾನು ಬಂದರೆ ಅಳುತ್ತೇನೆ, ಅಣ್ಣನಿಗೆ ನಾಚಿಕೆಯಾಗುತ್ತದೆ, ನಿನ್ನ ಆಟ ಕೆಡುತ್ತದೆ. ನಿನ್ನ ಮೇಜು ನಿನಗೇ ಬಿಟ್ಟೆ. ಆಮೇಲಿನ ವಾರಗಳು ನನಗೆ ಹೇಗೆ ಕಳೆದವು ಎಂದು ಕೇಳಬೇಡ. ಜನರ ಜೀವ ಹಿಂಡುವುದರಲ್ಲಿ ನೀನು ನನ್ನನ್ನು ಮೀರಿಸಿದೆ.

ಈಗ ಹಗುರಾಗಿದ್ದೇನೆ. ಎಂಜಿನ್ ಕೋಣೆಯಲ್ಲಿ ಹಾಡಿಕೊಳ್ಳುತ್ತೇನೆ, ಕೈಕೆಳಗಿನವರು ದೂರು ಕೊಟ್ಟಿದ್ದಾರೆ. ನನ್ನ ಒಪ್ಪಂದ ಜೂನ್ ಕೊನೆಗೆ ಮುಗಿಯುತ್ತದೆ. ನೇರ ಮನೆಗೇ.

ಅಣ್ಣನಿಗೆ ಒಂದು ಮಾತು ಓದಿ ಹೇಳು. ನಿನ್ನ ಮೇಜಿನ ಮೇಲಿನ ದಾಳ ಒರಗಿದ್ದಿರಬಹುದು. ಆದರೆ ಆವತ್ತಿನ ಸೇತುವೆಯ ದಾಳ ಒರಗಿರಲಿಲ್ಲ, ಲೋಟಕ್ಕೂ ಅದಕ್ಕೂ ನಡುವೆ ಬೆರಳು ತೂರುವಷ್ಟು ಜಾಗವಿತ್ತು. ಇದಕ್ಕೆ ಅವನೇನು ಹೇಳುತ್ತಾನೋ ಹೇಳಲಿ. ನಿನ್ನ ಕೈಯಲ್ಲಿ ಬರೆಸಕೂಡದು.

ಚಿಕ್ಕಪ್ಪ


ಮೇ 7

ಪ್ರೀತಿಯ ಚಿಕ್ಕಪ್ಪ,

ಓದಿ ಹೇಳಿದೆ. ಬೆರಳು ತೂರುವ ಜಾಗದ ಮಾತಿಗೆ ಬಂದಾಗ ಅಪ್ಪ ಕಾಗದ ಬೇಕು ಎಂದು ಕೈ ಚಾಚಿದರು. ಕೆಳಗಿರುವುದನ್ನು ಎಡಗೈಯಲ್ಲಿ ಅವರೇ ಬರೆದದ್ದು. ಎರಡು ಸಂಜೆ ಹಿಡಿಯಿತು. ನಡುವೆ ಅಮ್ಮ ಸಹಾಯಕ್ಕೆ ಹೋದಳು, "ಸುಮ್ನಿರೇ" ಅಂದರು. ನಾನು ಕಾಗದ ಸರಿಯದಂತೆ ಹಿಡಿದುಕೊಂಡಿದ್ದೆ, ಅಷ್ಟೇ. ಅಕ್ಷರಗಳು ಅಲ್ಲಲ್ಲಿ ಒರಗಿವೆ, ಅವರಿಗೂ ಗೊತ್ತು. ಅದೊಂದು ಲೆಕ್ಕಕ್ಕಿದೆ ಅಂದರು.

ಪಟಾಕಿ

ಕತ್ತೆ, ಒರಗಿತ್ತು. ಬಾ, ಮತ್ತೆ ಹಾಕೋಣ.